ಎರಡು ಎಂಬಿ ಇದ್ದವನಿಗಾಗಿ

ಲಿನಕ್ಸ್ ಇನ್‌ಸ್ಟಾಲ್ ಮಾಡಿ ವರ್ಷಗಳಾದ ಮೇಲೂ ಅದಕ್ಕೆ ಸ್ವಾಪ್ ಸೇರಿಸಬಹುದು. ಡಿಸ್ಕಿನಲ್ಲಿ ಒಂದು ದೊಡ್ಡ ಫೈಲ್ ಮಾಡಿ, ಬೇರೆಯವರು ಓದದ ಹಾಗೆ ಅದರ ಪರ್ಮಿಶನ್ ಬಿಗಿ ಮಾಡಿ. ಆಮೇಲೆ ಎಂಕೆಸ್ವಾಪ್ ಅನ್ನೋ ಕಮಾಂಡು, ಸ್ವಾಪ್‌ಆನ್ ಅನ್ನೋ ಇನ್ನೊಂದು. ರೀಸ್ಟಾರ್ಟ್ ಆದರೂ ಉಳಿಯಲಿ ಅಂತ ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು. ಮುಗೀತು. 4 ಜಿಬಿ ರ್‍ಯಾಮ್ ಇರುವ ನನ್ನ ಹಳೇ ಲ್ಯಾಪ್‌ಟಾಪಿಗೆ ನಾನು ಮಾಡಿದ್ದೂ ಇಷ್ಟೇ. ಆದರೆ ಇಷ್ಟು ಸುಲಭವಾಗೋಕೆ ಎಷ್ಟು ಕಾಲ ಹಿಡೀತು ಅಂತ ನೋಡಿದರೆ ಕಥೆ 1962ರ ಮ್ಯಾಂಚೆಸ್ಟರಿಗೆ ಹೋಗುತ್ತೆ.

ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ತಂಡ ಅಟ್ಲಾಸ್ ಎಂಬ ಕಂಪ್ಯೂಟರ್ ಕಟ್ಟಿತು. ಅದರ ವೇಗದ ಕೋರ್ ಮೆಮರಿಯಲ್ಲಿ ಹಿಡಿಸುತ್ತಿದ್ದದ್ದು 16,384 ವರ್ಡ್. ಕೋರ್ ತುಂಬಾ ದುಬಾರಿ. ಅಗ್ಗದ, ನಿಧಾನವಾದ ಮ್ಯಾಗ್ನೆಟಿಕ್ ಡ್ರಮ್ಮಿನಲ್ಲಿ ಇದರ ಆರು ಪಟ್ಟು ಜಾಗ ಇತ್ತು. ಅಲ್ಲಿಯವರೆಗೆ ಪ್ರೋಗ್ರಾಮಿನ ಯಾವ ತುಂಡು ಯಾವಾಗ ಡ್ರಮ್ಮಿಂದ ಬರಬೇಕು ಅನ್ನೋದನ್ನ ಬರೆಯುವವರೇ ಲೆಕ್ಕ ಹಾಕಬೇಕಿತ್ತು. ಅಟ್ಲಾಸ್ ಆ ತಲೆನೋವು ತಾನೇ ವಹಿಸಿಕೊಂಡಿತು. ಮೆಮರಿಯನ್ನ 512 ವರ್ಡ್‌ಗಳ ಪುಟಗಳಾಗಿ ಕತ್ತರಿಸಿತು. ಬೇಕಾದ ಪುಟ ಕೋರ್‌ನಲ್ಲಿ ಇಲ್ಲದಿದ್ದರೆ ಡ್ರಮ್ಮಿಂದ ತರಿಸಿತು, ಸದ್ಯಕ್ಕೆ ಬೇಡದ್ದನ್ನ ಅಲ್ಲಿಗೆ ಕಳಿಸಿತು. ಬರೆಯುವವರ ಕಣ್ಣಿಗೆ ಎರಡೂ ಸೇರಿ ಒಂದೇ ದೊಡ್ಡ ಮೆಮರಿ.

ಈ ಉಪಾಯಕ್ಕೂ ಒಂದು ಮಿತಿ ಇತ್ತು. ಒಂದು ಪುಟ ತರೋಕೆ ಇನ್ನೊಂದನ್ನ ಹೊರಹಾಕು, ಹೊರಹಾಕಿದ್ದೇ ಮರುಕ್ಷಣ ಬೇಕಾಗುತ್ತೆ, ಮತ್ತೆ ತಾ. ಹೀಗೆ ಓಡಾಟವೇ ಕೆಲಸವಾಗಿ ನಿಜವಾದ ಕೆಲಸ ನಿಂತುಹೋಗುತ್ತೆ. ಇದಕ್ಕೆ ಥ್ರ್ಯಾಶಿಂಗ್ ಅಂತಾರೆ. ಯಾಕೆ ಹೀಗಾಗುತ್ತೆ ಅಂತ 1968ರಲ್ಲಿ ಪೀಟರ್ ಡೆನ್ನಿಂಗ್ ವಿವರಿಸಿದರು: ಪ್ರತಿ ಪ್ರೋಗ್ರಾಮಿಗೂ ಆ ಹೊತ್ತಿಗೆ ಕೈಗೆ ಸಿಗಲೇಬೇಕಾದ ಒಂದಿಷ್ಟು ಪುಟಗಳಿರುತ್ತವೆ, ಅಷ್ಟಾದರೂ ನಿಜವಾದ ಮೆಮರಿಯಲ್ಲಿ ಹಿಡಿಸಬೇಕು.

ಸ್ವಾಪ್ ಅನ್ನೋ ಹೆಸರಿಗೂ ಒಂದು ಕಾರಣ ಇದೆ. ಪಿಡಿಪಿ-11ರ ಮೇಲಿನ ಹಳೇ ಯೂನಿಕ್ಸ್, ಪುಟಗಳ ಗೋಜಿಗೆ ಹೋಗದೆ ಇಡೀ ಪ್ರೋಗ್ರಾಮನ್ನೇ ಡಿಸ್ಕಿಗೆ ಸಾಗಿಸಿ ಇನ್ನೊಂದನ್ನ ಒಳಗೆ ತರ್ತಿತ್ತು. ಈಗ ಹೋಗೋದು ಪುಟಗಳಾದರೂ ಹೆಸರು ಹಾಗೇ ಉಳಿದಿದೆ.

ಇನ್ನು ಲಿನಕ್ಸ್. 1991ರ ಕೊನೆಯಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಹತ್ತಿರ ಇದ್ದದ್ದು 4 ಎಂಬಿ ರ್‍ಯಾಮ್. ಜರ್ಮನಿಯ ಒಬ್ಬ ಬಳಕೆದಾರನ ಹತ್ತಿರ ಎರಡೇ ಎಂಬಿ. ಅಷ್ಟರಲ್ಲೇ ಅವನಿಗೆ ಕರ್ನಲ್ ಕಂಪೈಲ್ ಮಾಡಬೇಕು, ಮೆಮರಿ ಸಾಲ್ತಿಲ್ಲ. ಇನ್ನೂ ರ್‍ಯಾಮ್ ಹಾಕಿಸ್ಕೋ ಅಂತ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಲಿನಸ್ ಹಾಗೆ ಮಾಡದೆ ಕ್ರಿಸ್‌ಮಸ್ ದಿನಗಳಲ್ಲಿ ಕೂತು, ಮೆಮರಿಯ ಪುಟಗಳನ್ನ ಡಿಸ್ಕಿಗೆ ಕಳಿಸುವ ಕೋಡ್ ಬರೆದ. 1992ರ ಜನವರಿಯ 0.12 ಆವೃತ್ತಿಯಲ್ಲಿ ಅದು ಎಲ್ಲರಿಗೂ ಸಿಕ್ಕಿತು. ಆಗ ಲಿನಕ್ಸಿನ ಹೋಲಿಕೆಗೆ ನಿಂತಿದ್ದ ಮಿನಿಕ್ಸಿನಲ್ಲಿ ಈ ಸೌಲಭ್ಯ ಇರಲಿಲ್ಲ.

ನನಗೆ ಈ ಪ್ರಸಂಗ ಇಷ್ಟವಾಗೋದು ಇದಕ್ಕೇ. ಕಡಿಮೆ ಮೆಮರಿಯ ಮಷೀನಿನವನೂ ಬಳಕೆದಾರನೇ ಅಂತ ಒಪ್ಪಿಕೊಂಡಾಗ ಸಾಫ್ಟ್‌ವೇರ್ ಎಲ್ಲರಿಗೂ ಉತ್ತಮವಾಯ್ತು. ಇವತ್ತು ನಾವು ನಮ್ಮ 16 ಜಿಬಿ ಮಷೀನಿನಲ್ಲಿ ಆಪ್ ಕಟ್ಟಿ, ಸ್ಲೋ ಅಂದವರಿಗೆ ಹೊಸದು ತಗೊಳ್ಳಿ ಅಂತೀವಲ್ಲ, ಅದಕ್ಕೇ ಇದು ನೆನಪಿರಬೇಕು.

ಸ್ವಾಪ್ ಹಾಕಿದ ಮಾತ್ರಕ್ಕೆ 4 ಜಿಬಿ 8 ಆಗಲ್ಲ, ಡೆನ್ನಿಂಗ್ ಹೇಳಿದ ಮಿತಿ ಈಗಲೂ ಇದೆ. ಆದರೆ ಸುಮ್ಮನೆ ಕೂತಿರುವ ಪ್ರೋಗ್ರಾಮುಗಳ ಪುಟ ಡಿಸ್ಕಿಗೆ ಹೋದರೆ ಕೆಲಸ ಮಾಡುವವಕ್ಕೆ ಜಾಗ ಸಿಗುತ್ತೆ. ಹಳೇ ಲ್ಯಾಪ್‌ಟಾಪನ್ನ ಗುಜರಿಗೆ ಹಾಕೋ ಮುಂಚೆ 2 ಜಿಬಿಯ ಒಂದು ಸ್ವಾಪ್ ಫೈಲ್ ಮಾಡಿ ನೋಡಿ.