ಕಿವಿಯೂ ಕಂಠವೂ: ಕಾರವಾರ ಅಂಕೋಲೆಗಳ ಜನರಿಗಾಗಿ ಒಂದು ವೈದ್ಯಚರಿತ್ರೆ

ಶರೀರದ ಅವಯವಗಳಲ್ಲಿ ಕೇಳುವ ಕಿವಿಗೂ ನುಡಿಯುವ ಕಂಠಕ್ಕೂ ಇರುವ ಸಂಬಂಧವು ಲೋಕವಿದಿತವಾದದ್ದು. ಕಿವಿ ಕೇಳದ ಶಿಶುವು ವಿಶೇಷ ಸಹಾಯವಿಲ್ಲದೆ ಮಾತನ್ನು ಕಲಿಯುವುದು ದುಸ್ತರ; ಕಂಠವನ್ನು ಕಳೆದುಕೊಂಡವನ ಅನುಭವವು ಅವನೊಳಗೇ ಉಳಿದುಹೋಗುವ ಭಯವುಂಟು. ಅನುಭಾವವನ್ನು ನುಡಿಯ ಮೂಲಕವೇ ಲೋಕಕ್ಕೆ ಕೊಟ್ಟ ಶರಣರ ಪರಂಪರೆಯಲ್ಲಿ ಬೆಳೆದ ಭಕ್ತಜನರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದ್ದಿಲ್ಲ. ಆದರೆ ಈ ಎರಡು ಇಂದ್ರಿಯಗಳಿಗೆ ರೋಗದಲ್ಲಿಯೂ ಚಿಕಿತ್ಸೆಯಲ್ಲಿಯೂ ಇರುವ ಸಂಬಂಧವು ನಮ್ಮ ಜನರಿಗೆ ಅಷ್ಟಾಗಿ ತಿಳಿದಿಲ್ಲ. ಕಂಠದಲ್ಲಿ ಹುಟ್ಟಿದ ಅರ್ಬುದವು ಮೊದಲು ಕಿವಿಯ ನೋವಾಗಿ ತೋರುವುದುಂಟು. ಕಂಠವನ್ನುಳಿಸಲು ಕೊಟ್ಟ ಔಷಧವು ಕಿವಿಯನ್ನು ಕೆಡಿಸುವುದೂ ಉಂಟು. ಈ ಎರಡು ಸಂಗತಿಗಳು ವೈದ್ಯರಿಗೆ ಹೇಗೆ ತಿಳಿದುಬಂದವು, ಅವುಗಳಿಂದ ಕಾರವಾರ ಅಂಕೋಲೆಗಳ ಜನರು ಕಲಿಯತಕ್ಕದ್ದೇನು ಎಂಬುದನ್ನು ಚರಿತ್ರೆಯ ಕ್ರಮದಲ್ಲಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶವು.

ನಮ್ಮ ದೇಶದ ಪ್ರಾಚೀನ ವೈದ್ಯರು ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಸುಶ್ರುತಸಂಹಿತೆಯಲ್ಲಿ 28 ಬಗೆಯ ಕರ್ಣರೋಗಗಳು ಎಣಿಸಲ್ಪಟ್ಟಿವೆ. ಕಿವಿಯೊಳಗೆ ತಾನಾಗಿ ಶಬ್ದವಾಗುವ ಕರ್ಣನಾದವೂ ಕಿವುಡುತನವಾದ ಬಾಧಿರ್ಯವೂ ಅವುಗಳಲ್ಲಿ ಸೇರಿವೆ. ಮಾಂಸವು ಗಡ್ಡೆಗಟ್ಟಿ ಬೆಳೆಯುವ ರೋಗಕ್ಕೆ ಅರ್ಬುದವೆಂಬ ಹೆಸರೂ ಅಲ್ಲಿಯೇ ದೊರೆಯುತ್ತದೆ. ಆದರೆ ಒಳಗಿವಿಯು ತಲೆಬುರುಡೆಯ ಅತ್ಯಂತ ಗಟ್ಟಿಯಾದ ಎಲುಬಿನೊಳಗೆ ಅಡಗಿರುವದರಿಂದ, ಅದರ ವ್ಯಾಪಾರವು ಬಹುಕಾಲದವರೆಗೆ ಯಾವ ದೇಶದ ವೈದ್ಯರಿಗೂ ಗೋಚರವಾಗಲಿಲ್ಲ.

ತಲೆ ತಿರುಗಿ ಬಿದ್ದರೆ ಅದು ಮೆದುಳಿನ ದೋಷವೆಂದು ಯೂರೋಪದವರು ನಂಬಿದ್ದರು. ಪಿತ್ತವೇರಿತೆಂದು ನಮ್ಮವರು ಇಂದಿಗೂ ಹೇಳುತ್ತಾರೆ. 1861ರಲ್ಲಿ ಪ್ಯಾರಿಸ್ ನಗರದ ಕಿವುಡಮೂಕರ ಸಂಸ್ಥೆಯ ವೈದ್ಯನಾದ ಪ್ರಾಸ್ಪೆರ್ ಮೆನಿಯೇರ್ ಎಂಬವನು, ತಲೆಸುತ್ತು, ಕಿವಿಯಲ್ಲಿ ಮೊರೆತ, ಕೇಳುವಿಕೆಯ ಕುಂದು ಇವು ಮೂರೂ ಒಟ್ಟಾಗಿ ಬಂದರೆ ರೋಗದ ಮೂಲವು ಒಳಗಿವಿಯಲ್ಲಿರುವುದೆಂದು ತೋರಿಸಿದನು. ವಿಯೆನ್ನಾದ ರಾಬರ್ಟ್ ಬಾರಾನಿಯು, ಕಿವಿಗೆ ಬಿಸಿನೀರನ್ನಾಗಲಿ ತಣ್ಣೀರನ್ನಾಗಲಿ ಹಾಯಿಸಿದರೆ ಕಣ್ಣುಗುಡ್ಡೆಗಳು ತಾವಾಗಿ ಕಂಪಿಸುವುದನ್ನು ಕಂಡು, ದೇಹದ ಸಮತೋಲವನ್ನು ಕಾಯುವ ಅರೆವೃತ್ತನಾಳಗಳ ಪರೀಕ್ಷೆಗೆ ಮಾರ್ಗವನ್ನು ಹಾಕಿಕೊಟ್ಟನು. ಅವನಿಗೆ 1914ನೆಯ ವರ್ಷದ ನೊಬೆಲ್ ಪಾರಿತೋಷಕವು ಘೋಷಿತವಾದಾಗ ಅವನು ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದನು. 1938ರಲ್ಲಿ ಇಂಗ್ಲೆಂಡಿನ ಹಾಲ್‌ಪೈಕ್ ಮತ್ತು ಕೇರ್ನ್ಸ್ ಎಂಬವರೂ ಜಪಾನಿನ ಯಮಕಾವಾ ಎಂಬವರೂ, ಮೆನಿಯೇರನ ರೋಗವುಳ್ಳವರ ಒಳಗಿವಿಯಲ್ಲಿ ದ್ರವವು ಹೆಚ್ಚಿ ಪೊರೆಗಳು ಉಬ್ಬಿರುವುದನ್ನು ಬೇರೆ ಬೇರೆಯಾಗಿಯೇ ಕಂಡುಹಿಡಿದರು.

ಹಾಸಿಗೆಯಲ್ಲಿ ಮಗ್ಗುಲು ತಿರುಗಿದೊಡನೆ ಕ್ಷಣಕಾಲ ಲೋಕವೇ ತಿರುಗಿದಂತಾಗುವ ಮತ್ತೊಂದು ಬಾಧೆಯುಂಟು. ಅದನ್ನು ಗುರುತಿಸುವ ಪರೀಕ್ಷೆಯನ್ನು 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ಇವರು ಪ್ರಕಟಿಸಿದರು. ಒಳಗಿವಿಯ ಸಣ್ಣ ಹರಳುಗಳು ಸ್ಥಾನ ತಪ್ಪಿ ನಾಳದೊಳಗೆ ಸೇರುವದರಿಂದ ಈ ಬಾಧೆಯುಂಟಾಗುತ್ತದೆ. ರೋಗಿಯ ತಲೆಯನ್ನು ಕ್ರಮವಾಗಿ ತಿರುಗಿಸಿ ಆ ಹರಳುಗಳನ್ನು ಸ್ವಸ್ಥಾನಕ್ಕೆ ಸೇರಿಸುವ ವಿಧಾನವನ್ನು ಅಮೇರಿಕೆಯ ಎಪ್ಲಿ ಎಂಬ ವೈದ್ಯನು 1992ರಲ್ಲಿ ಪ್ರಕಟಿಸಿದನು. ತಿಂಗಳುಗಟ್ಟಲೆ ಪಿತ್ತದ ಔಷಧವನ್ನು ಸೇವಿಸಿದವರು ಬಲ್ಲ ವೈದ್ಯರ ಕೈಯಲ್ಲಿ ಕೆಲವೇ ನಿಮಿಷಗಳಲ್ಲಿ ಗುಣವಾಗುವದು ಈ ಸಂಶೋಧನೆಯ ಫಲವು.

ಕೇಳುವಿಕೆಯ ಅಂಗವು ಶಂಖದಂತೆ ಸುರುಳಿಯಾಗಿರುತ್ತದೆ. ಅದರೊಳಗೆ ಸುಮಾರು 15,000 ರೋಮಕೋಶಗಳಿರುತ್ತವೆ. ಶಬ್ದದ ತರಂಗವು ಈ ಸುರುಳಿಯಲ್ಲಿ ಹೇಗೆ ಹರಿಯುವುದೆಂಬುದನ್ನು ತೋರಿಸಿದ್ದಕ್ಕಾಗಿ ಗೆಯೋರ್ಗ್ ಫಾನ್ ಬೇಕೇಶಿಗೆ 1961ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ತಾರಸ್ವರಗಳು ಶಂಖದ ಬುಡದಲ್ಲಿಯೂ ಮಂದ್ರಸ್ವರಗಳು ಅದರ ತುದಿಯಲ್ಲಿಯೂ ಗ್ರಹಿಸಲ್ಪಡುತ್ತವೆ. ಮನುಷ್ಯರಲ್ಲಿ ರೋಮಕೋಶವು ಒಮ್ಮೆ ನಾಶವಾದರೆ ಪುನಃ ಹುಟ್ಟುವದಿಲ್ಲ. ಈ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇವುಗಳ ಪ್ರಯೋಜನವು ಕಾಣುವದು.

ಇನ್ನು ಕಂಠದ ಕಡೆಗೆ ಬರೋಣ. ಬಾಯಿ ಮತ್ತು ಗಂಟಲುಗಳ ಅರ್ಬುದದ ಸಂಶೋಧನೆಯಲ್ಲಿ ಭರತಖಂಡವು ಪರರ ಶಿಷ್ಯನಾಗಿರದೆ ತಾನೇ ಗುರುವಾಗಿರುವುದು ಹೆಮ್ಮೆಯ ವಿಷಯವೂ ಹೌದು, ದುಃಖದ ವಿಷಯವೂ ಹೌದು. ಯಾತಕ್ಕೆಂದರೆ ರೋಗವು ಇಲ್ಲಿಯೇ ವಿಪುಲವಾಗಿತ್ತು. ತಿರುವಾಂಕೂರಿನ ನೆಯ್ಯೂರು ಎಂಬಲ್ಲಿಯ ಮಿಶನ್ ಆಸ್ಪತ್ರೆಯ ಬೆಂಟಾಲ್ ಎಂಬ ವೈದ್ಯನು 1908ರಲ್ಲಿ ಆ ಸೀಮೆಯ ಅರ್ಬುದರೋಗಿಗಳ ವಿಷಯವಾಗಿ ಲೇಖನವನ್ನು ಪ್ರಕಟಿಸಿದನು. 1933ರಲ್ಲಿ ಆರ್ ಎಂಬ ವೈದ್ಯನು, ಎಲೆ ಅಡಿಕೆ ಹೊಗೆಸೊಪ್ಪುಗಳನ್ನು ಜಗಿಯುವವರ ಬಾಯಿಯ ಅರ್ಬುದವನ್ನು ಕುರಿತು ಬರೆದನು. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು 1941ರ ಫೆಬ್ರುವರಿ 28ರಂದು ತೆರೆಯಲ್ಪಟ್ಟಿತು. ಅಲ್ಲಿಯ ರೋಗನಿದಾನ ಶಾಸ್ತ್ರಜ್ಞರಾದ ಡಾಕ್ಟರ ವಸಂತ ರಾಮಜಿ ಖಾನೋಲಕರರು 1944ರಲ್ಲಿ ಬಾಯಿಯ ಅರ್ಬುದದ 1,000 ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ ಪ್ರಕಟಿಸಿದರು. 1955ರಲ್ಲಿ ಸಂಘವಿ, ರಾವ್ ಹಾಗೂ ಖಾನೋಲಕರ ಇವರು, ಹೊಗೆಸೊಪ್ಪನ್ನು ಜಗಿಯುವವರಿಗೆ ಬಾಯಿಯಲ್ಲಿಯೂ ಸೇದುವವರಿಗೆ ಗಂಟಲಿನಲ್ಲಿಯೂ ರೋಗವು ಹೆಚ್ಚೆಂಬುದನ್ನು ವಿವೇಚಿಸಿ ತೋರಿಸಿದರು. ಚಟವು ಯಾವ ಮಾರ್ಗದಿಂದ ಒಳಗೆ ಬಂದಿತೋ ರೋಗವೂ ಅಲ್ಲಿಯೇ ಬೇರೂರುವದೆಂದು ಇದರಿಂದ ಸ್ಪಷ್ಟವಾಯಿತು.

ಮುಂಬಯಿಯ ಈ ವೃತ್ತಾಂತವು ನಮ್ಮ ಸೀಮೆಗೆ ದೂರದ ಮಾತಲ್ಲ. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸ್ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿ, 1956ರ ನವೆಂಬರ 1ರ ವರೆಗೂ ಆ ಆಡಳಿತದಲ್ಲಿಯೇ ಇದ್ದಿತು. ಕಾರವಾರ ಬಂದರದಿಂದ ಹಡಗನ್ನೇರಿ ಮುಂಬಯಿಗೆ ಹೋಗುವುದು ಆ ಕಾಲದವರಿಗೆ ಪರಿಚಿತವಾದ ದಾರಿ. 1998ರಲ್ಲಿ ಕೊಂಕಣ ರೇಲ್ವೆಯು ಪೂರ್ಣವಾದ ಮೇಲೆ ಅದೇ ದಾರಿಯು ನೆಲದ ಮೇಲೆ ತೆರೆಯಿತು. ಇದಲ್ಲದೆ, ಆ ಸಂಶೋಧಕರು ದೋಷವೆಂದು ತೋರಿಸಿದ ಪದಾರ್ಥಗಳು ನಮ್ಮ ಮನೆಮನೆಯ ಹರಿವಾಣದಲ್ಲಿಯೇ ಇವೆ.

ಈ ಜಿಲ್ಲೆಯಲ್ಲಿ ಕವಳ ಹಾಕುವುದು ಸತ್ಕಾರದ ಅಂಗವಾಗಿದೆ. ಘಟ್ಟದ ಮೇಲಿನ ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆಯ ತೋಟಗಳು ಸಾವಿರಾರು ಕುಟುಂಬಗಳಿಗೆ ಅನ್ನವನ್ನು ಕೊಡುತ್ತಿವೆ. ಆದ್ದರಿಂದ ಈ ಮಾತನ್ನು ಹೇಳುವುದು ಸುಲಭವಲ್ಲ. ಆದರೂ ಸತ್ಯವನ್ನು ಮರೆಮಾಚಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ಮಂಡಲವು ಹೊಗೆಸೊಪ್ಪು ಕೂಡಿದ ಕವಳವನ್ನು 1985ರಲ್ಲಿಯೇ ಅರ್ಬುದಕಾರಕವೆಂದು ನಿರ್ಣಯಿಸಿತ್ತು. 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪಿಲ್ಲದ ಕವಳವನ್ನೂ ಅಡಿಕೆಯನ್ನೂ ಅದೇ ವರ್ಗಕ್ಕೆ ಸೇರಿಸಿತು. ಅಡಿಕೆಯನ್ನು ಸದಾ ಜಗಿಯುವವರ ಬಾಯಿಯ ಒಳಚರ್ಮವು ಬಿಗಿದು, ಬಾಯಿ ತೆರೆಯಲಾಗದಂತಾಗುವ ರೋಗವನ್ನು ಮುಂಬಯಿಯ ಜೋಶಿ ಎಂಬ ವೈದ್ಯರು 1953ರಲ್ಲಿ ವರ್ಣಿಸಿದ್ದರು. ಅದು ಮುಂದೆ ಅರ್ಬುದಕ್ಕೆ ತಿರುಗುವ ಸಂಭವವುಂಟು. ಗುಟಕಾ ಬಂದ ಮೇಲೆ ಹಿಂದೆ ವೃದ್ಧರಲ್ಲಿ ಕಾಣುತ್ತಿದ್ದ ಈ ವಿಕಾರವು ತರುಣರಲ್ಲಿಯೂ ಕಾಣತೊಡಗಿತು. ಕರ್ನಾಟಕ ಸರಕಾರವು 2013ರಲ್ಲಿ ಗುಟಕಾವನ್ನು ನಿಷೇಧಿಸಿತು.

ಹೊಗೆಸೊಪ್ಪಿಗೆ ಮದ್ಯವು ಜೊತೆಯಾದರೆ ಅಪಾಯವು ಎಷ್ಟೋ ಪಾಲು ಹೆಚ್ಚುವುದೆಂದು ಸಂಶೋಧನೆಗಳು ಸಿದ್ಧಪಡಿಸಿವೆ. ಈ ಪ್ರಸಂಗದಲ್ಲಿ ಅಂಕೋಲೆ ತಾಲೂಕಿನ ಹಾಲಕ್ಕಿ ಸಮಾಜದ ಶ್ರೀಮತಿ ಸುಕ್ರಿ ಬೊಮ್ಮಗೌಡ ಇವರನ್ನು ಸ್ಮರಿಸುವುದು ಉಚಿತವಾಗಿದೆ. ಅಕ್ಷರ ಕಲಿಯದಿದ್ದರೂ ನೂರಾರು ಪದಗಳನ್ನು ಕಂಠದಲ್ಲಿ ಕಾಪಾಡಿದ ಆ ತಾಯಿ, ತಮ್ಮ ಸೀಮೆಯ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಯ ವಿರುದ್ಧ ಹೋರಾಡಿದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟವು ನಿಂತಿತು. 2017ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದ ಅವರು 2025ರ ಫೆಬ್ರುವರಿಯಲ್ಲಿ ನಿಧನರಾದರು. ತಮ್ಮ ಕಂಠದಿಂದ ಪರರ ಕಂಠಗಳನ್ನು ಉಳಿಸಲು ಯತ್ನಿಸಿದವರೆಂದು ಅವರನ್ನು ಕರೆಯಬಹುದು.

ಚಿಕಿತ್ಸೆಯ ಚರಿತ್ರೆಯೂ ಇಷ್ಟೇ ಬೋಧಪ್ರದವಾಗಿದೆ. 1873ರಲ್ಲಿ ವಿಯೆನ್ನಾದ ಬಿಲ್‌ರೋಟ್ ಎಂಬವನು ಅರ್ಬುದಪೀಡಿತವಾದ ಧ್ವನಿಪೆಟ್ಟಿಗೆಯನ್ನು ಮೊದಲ ಬಾರಿಗೆ ಸಂಪೂರ್ಣವಾಗಿ ತೆಗೆದನು. ಬಾಯಿಯ ಅರ್ಬುದದ ಆರಂಭದ ಸ್ಥಿತಿಯಲ್ಲಿಯೇ ಕತ್ತಿನ ಗ್ರಂಥಿಗಳನ್ನೂ ತೆಗೆಯಬೇಕೆ, ಅಥವಾ ರೋಗವು ಅಲ್ಲಿಗೆ ಹಬ್ಬಿದ ಮೇಲೆ ತೆಗೆದರೆ ಸಾಕೆ ಎಂಬ ವಿವಾದವು ವೈದ್ಯರಲ್ಲಿ ಬಹುದಿನಗಳಿಂದ ನಡೆದಿದ್ದಿತು. ಇದನ್ನು ನಿರ್ಣಯಿಸಿದವರು ಟಾಟಾ ಸ್ಮಾರಕ ಆಸ್ಪತ್ರೆಯ ಡಾಕ್ಟರ ಅನಿಲ ಡಿಕ್ರೂಜ ಮತ್ತು ಅವರ ಸಹೋದ್ಯೋಗಿಗಳು. 500 ರೋಗಿಗಳ ಪರಿಣಾಮವನ್ನು ಅವರು 2015ರಲ್ಲಿ ಪ್ರಕಟಿಸಿದರು. ಮೊದಲೇ ಗ್ರಂಥಿಗಳನ್ನು ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ತರುವಾಯ ಬದುಕಿದ್ದವರು ನೂರಕ್ಕೆ 80. ಕಾಯ್ದು ತೆಗೆಸಿಕೊಂಡವರಲ್ಲಿ ನೂರಕ್ಕೆ 67.5. ಜಗತ್ತಿನ ವೈದ್ಯರು ಈ ನಿರ್ಣಯವನ್ನು ಗೌರವದಿಂದ ಅಂಗೀಕರಿಸಿದರು.

ಈಗ ಕಿವಿಯು ಪುನಃ ನಮ್ಮ ಕಥೆಗೆ ಬರುತ್ತದೆ. 1965ರಲ್ಲಿ ಅಮೇರಿಕೆಯ ರೋಸೆನ್‌ಬರ್ಗ್ ಎಂಬ ವಿಜ್ಞಾನಿಯು, ಪ್ಲಾಟಿನಮ್ ಲೋಹದಿಂದ ಹುಟ್ಟಿದ ಒಂದು ಪದಾರ್ಥವು ಸೂಕ್ಷ್ಮಜೀವಿಗಳ ವೃದ್ಧಿಯನ್ನು ತಡೆಯುವುದನ್ನು ಅಕಸ್ಮಾತ್ತಾಗಿ ಕಂಡನು. ಅದರಿಂದ ಸಿಸ್‌ಪ್ಲಾಟಿನ್ ಎಂಬ ಔಷಧವು ಹೊರಟಿತು. ಕಿರಣಚಿಕಿತ್ಸೆಯೊಡನೆ ಇದನ್ನು ಕೊಟ್ಟರೆ ಮುಂದುವರಿದ ಕಂಠಾರ್ಬುದವು ಹೆಚ್ಚು ಹತೋಟಿಗೆ ಬರುತ್ತದೆ. ಆದರೆ ಈ ಔಷಧವು ಒಳಗಿವಿಯ ರೋಮಕೋಶಗಳನ್ನು, ಅದರಲ್ಲಿಯೂ ಶಂಖದ ಬುಡದವುಗಳನ್ನು ಮೊದಲು, ನಾಶಮಾಡುತ್ತದೆ. ಬುಡದಲ್ಲಿ ತಾರಸ್ವರಗಳ ಗ್ರಹಣವೆಂದು ಹಿಂದೆ ಹೇಳಿದೆವಷ್ಟೆ. ಆದಕಾರಣ ರೋಗಿಗೆ ಮಾತು ಕೇಳುತ್ತದೆ, ಆದರೆ ಸ, ಶ ಮುಂತಾದ ಅಕ್ಷರಗಳು ಜಾರಿಹೋಗಿ ಅರ್ಥವು ತಿಳಿಯದಾಗುತ್ತದೆ. ಗುಂಪಿನಲ್ಲಿ ಕುಳಿತರೂ ಅವನು ಒಂಟಿಯಾಗುತ್ತಾನೆ. ಕಿರಣಗಳು ಕಿವಿಯ ಸಮೀಪದಲ್ಲಿ ಹಾಯ್ದರೆ ಹಾನಿಯು ಇನ್ನೂ ಹೆಚ್ಚುವದು.

ಈ ಧರ್ಮಸಂಕಟವನ್ನು ಪರಿಹರಿಸಲು ನಡೆದ ಪ್ರಯತ್ನಗಳಲ್ಲಿಯೂ ಮುಂಬಯಿಯದೇ ಮುಖ್ಯ ಪಾತ್ರವು. 2018ರಲ್ಲಿ ಪ್ರಕಟವಾದ 300 ರೋಗಿಗಳ ಅಧ್ಯಯನದಲ್ಲಿ, ಮೂರು ವಾರಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಟ್ಟ ಸಿಸ್‌ಪ್ಲಾಟಿನ್ ವಾರಕ್ಕೊಮ್ಮೆ ಸ್ವಲ್ಪವಾಗಿ ಕೊಟ್ಟದ್ದಕ್ಕಿಂತ ರೋಗವನ್ನು ಚೆನ್ನಾಗಿ ತಡೆಯಿತು. ಎರಡು ವರ್ಷಗಳ ಬಳಿಕ ಹತೋಟಿಯು ನೂರಕ್ಕೆ 73.1 ಮತ್ತು 58.5 ಇದ್ದಿತು. ಆದರೆ ಕಿವುಡು ಮೊದಲಾದ ಬಾಧೆಗಳೂ ದೊಡ್ಡ ಪ್ರಮಾಣದವರಲ್ಲಿಯೇ ಹೆಚ್ಚಾಗಿದ್ದವು. ಹಾಗಾದರೆ ಮೊದಲೇ ಕಿವಿ ಮಂದವಾದವರಿಗೆ, ಅಥವಾ ಬೇರೆ ಕಾರಣದಿಂದ ಸಿಸ್‌ಪ್ಲಾಟಿನ್ ಸಲ್ಲದವರಿಗೆ ಗತಿಯೇನು? 2023ರಲ್ಲಿ ಅದೇ ಸಂಸ್ಥೆಯವರು ಅಂಥ 356 ಜನರ ಅಧ್ಯಯನವನ್ನು ಪ್ರಕಟಿಸಿ, ಕಿರಣಚಿಕಿತ್ಸೆಯೊಡನೆ ಡೋಸಿಟ್ಯಾಕ್ಸೆಲ್ ಎಂಬ ಔಷಧವನ್ನು ಕೊಟ್ಟರೆ ಎರಡು ವರ್ಷ ಬದುಕುವವರು ನೂರಕ್ಕೆ 41.7ರಿಂದ 50.8ಕ್ಕೆ ಏರುವರೆಂದು ತೋರಿಸಿದರು. ಕಿವಿ ಮಂದವಾದವನಿಗೂ ಒಂದು ದಾರಿಯುಂಟೆಂಬುದೇ ಇದರ ಸಾರವು. ಆದರೆ ಆ ದಾರಿಯನ್ನು ಆರಿಸಬೇಕಾದರೆ ಚಿಕಿತ್ಸೆಯ ಮೊದಲು ಕಿವಿಯ ಪರೀಕ್ಷೆಯಾಗಲೇಬೇಕು. ಚಿಕಿತ್ಸೆಯ ನಡುವೆಯೂ ಕೊನೆಯಲ್ಲಿಯೂ ಅದು ಪುನಃ ಆಗತಕ್ಕದ್ದು.

ಚಿಕಿತ್ಸೆಯಾದ ಮೇಲೆ ಉಳಿಯುವ ಊನಕ್ಕೂ ಕನ್ನಡನಾಡು ತನ್ನ ಸೇವೆಯನ್ನು ಸಲ್ಲಿಸಿದೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕೇಳುವವರಿಗೂ ನುಡಿಯುವವರಿಗೂ ಸಮಾನ ಆಶ್ರಯವಾಗಿದೆ. ಸುತ್ತೂರು ಮಠದ ವಿದ್ಯಾಪೀಠವೂ ಮೈಸೂರಿನಲ್ಲಿಯೂ ಧಾರವಾಡದಲ್ಲಿಯೂ ಇದೇ ವಿದ್ಯೆಯ ಸಂಸ್ಥೆಗಳನ್ನು ನಡೆಸುತ್ತಿರುವುದು ದಾಸೋಹದ ಒಂದು ಹೊಸ ರೂಪವೆನ್ನಬಹುದು. ಧ್ವನಿಪೆಟ್ಟಿಗೆಯನ್ನು ಕಳೆದುಕೊಂಡವರಿಗಾಗಿ ಬೆಂಗಳೂರಿನ ಶಸ್ತ್ರವೈದ್ಯರಾದ ಡಾಕ್ಟರ ವಿಶಾಲ ರಾವ್ ಇವರು ಒಬ್ಬ ಉದ್ಯಮಿಯ ಸಹಾಯದಿಂದ ‘ಔಮ್’ ಎಂಬ ಅಲ್ಪಬೆಲೆಯ ಧ್ವನಿಸಾಧನವನ್ನು ನಿರ್ಮಿಸಿದರು. ಪರದೇಶದ ಇಂಥ ಸಾಧನವು ಸಾವಿರಾರು ರೂಪಾಯಿ ಬೆಲೆಯದಾಗಿರಲು, ಇದರ ಬೆಲೆಯನ್ನು ಅವರು ಸುಮಾರು 50 ರೂಪಾಯಿಗೆ ಇಳಿಸಿದರು.

ಇಷ್ಟಾದರೂ ಕಾರವಾರ ಅಂಕೋಲೆಗಳ ರೋಗಿಗೆ ದಾರಿಯು ದೀರ್ಘವೇ. ಕಿರಣಚಿಕಿತ್ಸೆಯು ಒಂದು ದಿನದ ಕೆಲಸವಲ್ಲ. ವಾರಕ್ಕೆ ಐದು ದಿನಗಳಂತೆ ಆರೇಳು ವಾರ ನಡೆಯುವಂಥದು. ಅರಬೈಲ ಘಟ್ಟವನ್ನೇರಿ ಹುಬ್ಬಳ್ಳಿಗೆ ಹೋಗಲಿ, ತೆಂಕಣಕ್ಕೆ ಮಣಿಪಾಲಕ್ಕೆ ಹೋಗಲಿ, ಅಂಕೋಲೆಯವನಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ಪ್ರಯಾಣವು. ದಿನಗೂಲಿಯ ಮೀನುಗಾರನಾಗಲಿ ಗದ್ದೆಯ ಕೆಲಸದವಳಾಗಲಿ ಎರಡು ತಿಂಗಳು ಪರಸ್ಥಳದಲ್ಲಿ ನಿಲ್ಲುವುದು ಹೇಗೆ? ಕಾರವಾರದಲ್ಲಿ ಸರಕಾರದ ವೈದ್ಯಕೀಯ ಮಹಾವಿದ್ಯಾಲಯವು ಸ್ಥಾಪಿತವಾದದ್ದು ಸಂತೋಷದ ಸಂಗತಿ. ಆದರೂ ಸಕಲ ತಜ್ಞರುಳ್ಳ ದೊಡ್ಡ ಆಸ್ಪತ್ರೆಯೊಂದು ಜಿಲ್ಲೆಗೆ ಬೇಕೆಂದು 2022ರಲ್ಲಿ ಜನರು ಒಕ್ಕೊರಲಿನಿಂದ ಕೂಗಿದ್ದು ಈ ಕಷ್ಟದಿಂದಲೇ.

ದೊಡ್ಡ ಆಸ್ಪತ್ರೆ ಬರುವ ತನಕ ಕೈಕಟ್ಟಿ ಕೂಡಬೇಕೆ? ಕೂಡದು. ತಿರುವನಂತಪುರದಲ್ಲಿ 1996ರಿಂದ 2004ರ ವರೆಗೆ, ತರಬೇತಿ ಹೊಂದಿದ ಕಾರ್ಯಕರ್ತರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇವಲ ಬೆಳಕು ಹಿಡಿದು ಜನರ ಬಾಯಿಗಳನ್ನು ಪರೀಕ್ಷಿಸಿದರು. ಹೊಗೆಸೊಪ್ಪು ಮದ್ಯಗಳ ಚಟವುಳ್ಳವರಲ್ಲಿ ಬಾಯಿಯ ಅರ್ಬುದದ ಮರಣವು ಇದರಿಂದ ನೂರಕ್ಕೆ 34ರಷ್ಟು ತಗ್ಗಿತೆಂದು 2005ರಲ್ಲಿ ಪ್ರಕಟವಾಯಿತು. ಇಲ್ಲಿ ಯಂತ್ರವಿಲ್ಲ, ವೆಚ್ಚವಿಲ್ಲ. ಕಣ್ಣೂ ಬೆಳಕೂ ಕಾಳಜಿಯೂ ಇದ್ದರೆ ಸಾಕು. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಬಿಳಿಯ ಅಥವಾ ಕೆಂಪು ಕಲೆ, ತೆರೆಯಲಾಗದ ಬಾಯಿ, ಹೋಗದ ಒಡಕುದನಿ, ಕತ್ತಿನ ಗಂಟು, ನುಂಗುವಾಗಿನ ತಡೆ, ಇವುಗಳಲ್ಲಿ ಯಾವುದನ್ನೂ ಉಪೇಕ್ಷಿಸಬಾರದು. ಕಿವಿಗೂ ಗಂಟಲಿಗೂ ಕೆಲವು ನರಗಳು ಸಾಧಾರಣವಾಗಿರುವದರಿಂದ, ಕಿವಿ ನಿರ್ದೋಷವಾಗಿದ್ದು ಒಂದೇ ಪಕ್ಕದಲ್ಲಿ ನೋವು ನಿಲ್ಲದಿದ್ದರೆ ಗಂಟಲನ್ನು ತೋರಿಸಿಕೊಳ್ಳಬೇಕು. ಕಿವಿಗೆ ಎಣ್ಣೆ ಬಿಟ್ಟು ತಿಂಗಳು ಕಳೆದವನು ಕಂಠಕ್ಕೆ ಸಲ್ಲಬೇಕಾದ ಕಾಲವನ್ನು ಕಳೆದಂತಾಯಿತು.

ಜಾತ್ರೆಗೂ ಉತ್ಸವಕ್ಕೂ ಜನರು ಸಾವಿರಗಟ್ಟಲೆ ಕೂಡುವ ಸ್ಥಳಗಳು ನಮ್ಮಲ್ಲಿ ಅನೇಕವಾಗಿವೆ. ದಾಸೋಹದ ಪಂಕ್ತಿಯ ಮಗ್ಗುಲಲ್ಲಿ ಬಾಯಿಯ ಪರೀಕ್ಷೆಗೂ ಕಿವಿಯ ಪರೀಕ್ಷೆಗೂ ಒಂದು ಚಪ್ಪರವನ್ನು ಹಾಕಿದರೆ, ಉಂಡುಹೋಗುವವರಲ್ಲಿ ಕೆಲವರಿಗಾದರೂ ಅದು ಪ್ರಾಣದಾನವಾಗುವದು. ನೂರಾರು ವರ್ಷಗಳ ಸಂಶೋಧನೆಯು ಕೊನೆಗೆ ಹೇಳುವ ಮಾತು ಇಷ್ಟು ಸರಳವಾಗಿದೆ: ಬೇಗನೆ ನೋಡಿರಿ, ಬೇಗನೆ ತೋರಿಸಿರಿ, ಕವಳವನ್ನು ಬಿಡಿರಿ. ಕೇಳುವ ಕಿವಿಯೂ ನುಡಿಯುವ ಕಂಠವೂ ಸರ್ವರಿಗೂ ಕಡೆತನಕ ಉಳಿಯಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.