ಹರಕೆಯ ದೇಹ: ಫ್ಲಾರೆನ್ಸಿನ ಮೇಣದ ಬೊಂಬೆಗಳು ಮತ್ತು ಆಬಿ ವಾರ್ಬುರ್ಗ್

ಯುರೋಪಿನ ಪುನರುಜ್ಜೀವನ ಕಾಲದ ಕಲೆಯಲ್ಲಿ ಮಾನವ ದೇಹಕ್ಕೆ ದೊರೆತ ಪ್ರಾಧಾನ್ಯಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳಲಾಗುತ್ತದೆ. ಪ್ರಾಚೀನ ಗ್ರೀಕ್ ಮತ್ತು ರೋಮನ್ ಶಿಲ್ಪಗಳ ಮರುಶೋಧ ಒಂದು. ಅಂಗರಚನಾಶಾಸ್ತ್ರದ ಅಧ್ಯಯನ ಇನ್ನೊಂದು. ಇವುಗಳ ಜೊತೆಗೆ ಹರಕೆಯ ಆಚರಣೆಯನ್ನೂ ಪರಿಗಣಿಸಬೇಕೆಂಬುದನ್ನು ಹ್ಯಾಂಬರ್ಗಿನ ಕಲಾ ಇತಿಹಾಸಕಾರ ಆಬಿ ವಾರ್ಬುರ್ಗ್ (1866–1929) ಫ್ಲಾರೆನ್ಸಿನ ಭಾವಚಿತ್ರ ಕಲೆಯನ್ನು ಕುರಿತ ತಮ್ಮ 1902ರ ಪ್ರಬಂಧದಲ್ಲಿ ತೋರಿಸಿಕೊಟ್ಟರು.

ಫ್ಲಾರೆನ್ಸಿನ ಸಾಂತಿಸ್ಸಿಮಾ ಅನ್ನುಂಜಿಯಾಟಾ ಚರ್ಚಿನಲ್ಲಿ ಭಕ್ತರು ತಮ್ಮದೇ ಆಳೆತ್ತರದ ಮೇಣದ ಪ್ರತಿಕೃತಿಗಳನ್ನು ಹರಕೆಯಾಗಿ ಒಪ್ಪಿಸುತ್ತಿದ್ದರು. ಈ ಹಕ್ಕು ಹಿರಿಯ ವೃತ್ತಿಸಂಘಗಳ ಸದಸ್ಯರಿಗೆ ಮಾತ್ರ ಸಲ್ಲತಕ್ಕದ್ದೆಂದು ನಗರಾಡಳಿತ 1401ರಲ್ಲಿ ನಿಯಮ ಮಾಡಿತು. ದೇವರ ಎದುರು ಯಾರ ದೇಹ ನಿಲ್ಲಬೇಕೆಂಬುದು ಅಲ್ಲಿ ಅಂತಸ್ತಿನ ಪ್ರಶ್ನೆಯೂ ಆಗಿತ್ತು.

1478ರ ಏಪ್ರಿಲ್ 26ರಂದು ನಗರದ ಪ್ರಧಾನ ಚರ್ಚಿನಲ್ಲಿ ಪಾಟ್ಸಿ ಮನೆತನದ ಸಂಚಿಗೆ ಜೂಲಿಯಾನೊ ಮೆಡಿಚಿ ಬಲಿಯಾದನು. ಅವನ ಅಣ್ಣ ಲೊರೆಂಜೊ ಕುತ್ತಿಗೆಗೆ ಗಾಯವಾಗಿ ಬದುಕುಳಿದನು. ಇದರ ಕೃತಜ್ಞತೆಗಾಗಿ ಒರ್ಸಿನೊ ಎಂಬ ಮೇಣದ ಕುಶಲಕರ್ಮಿ ಶಿಲ್ಪಿ ವೆರೊಕ್ಕಿಯೊನ ನೆರವಿನಿಂದ ಲೊರೆಂಜೊನ ಮೂರು ಪ್ರತಿಕೃತಿಗಳನ್ನು ರಚಿಸಿದನೆಂದು ವಸಾರಿ ದಾಖಲಿಸಿದ್ದಾನೆ. ಮರದ ಚೌಕಟ್ಟಿಗೆ ಸೀಳಿದ ಜೊಂಡನ್ನು ಹೆಣೆದು, ಮೇಲೆ ಮೇಣ ಹಚ್ಚಿದ ಬಟ್ಟೆ ಹೊದಿಸಲಾಗುತ್ತಿತ್ತು. ತಲೆ ಮತ್ತು ಕೈಕಾಲುಗಳನ್ನು ದಪ್ಪ ಮೇಣದಲ್ಲಿ ಟೊಳ್ಳಾಗಿ ಮಾಡಿ ತೈಲವರ್ಣ ಬಳಿಯಲಾಗುತ್ತಿತ್ತು. ಮೂರರಲ್ಲಿ ಒಂದು ಪ್ರತಿಕೃತಿಯ ಮೇಲಿದ್ದುದು ಗಾಯಗೊಂಡ ಲೊರೆಂಜೊ ಕೊರಳಿಗೆ ಪಟ್ಟಿ ಕಟ್ಟಿಕೊಂಡು ಕಿಟಕಿಯಲ್ಲಿ ಜನರಿಗೆ ಕಾಣಿಸಿಕೊಂಡಾಗ ಧರಿಸಿದ್ದ ಉಡುಪೇ ಆಗಿತ್ತು. ಇಲ್ಲಿ ಸಾದೃಶ್ಯವೆಂಬುದು ಕೇವಲ ಅಲಂಕಾರವಲ್ಲ. ಹೋಗಬೇಕಿದ್ದ ಪ್ರಾಣದ ಬದಲಿಗೆ ಸಲ್ಲಿಸಿದ ದೇಹ ಅದು.

ಸಾಂತಾ ತ್ರಿನಿತಾ ಚರ್ಚಿನ ಸಸ್ಸೆಟ್ಟಿ ಪ್ರಾರ್ಥನಾಗೃಹದಲ್ಲಿ ಗಿರ್ಲಾಂದಾಯೊ 1480ರ ದಶಕದಲ್ಲಿ ಬರೆದ ಭಿತ್ತಿಚಿತ್ರವನ್ನು ವಾರ್ಬುರ್ಗ್ ಈ ಹಿನ್ನೆಲೆಯಲ್ಲಿ ಓದಿದರು. ಸಂತ ಫ್ರಾನ್ಸಿಸನ ಪಂಥನಿಯಮಕ್ಕೆ ಪೋಪ್ ಸಮ್ಮತಿ ನೀಡುವ ಪವಿತ್ರ ಸನ್ನಿವೇಶದಲ್ಲಿ ಲೊರೆಂಜೊ, ಅವನ ಮಕ್ಕಳು ಹಾಗೂ ಮೆಡಿಚಿ ಬ್ಯಾಂಕಿನ ಅಧಿಕಾರಿ ಸಸ್ಸೆಟ್ಟಿ ತದ್ರೂಪವಾಗಿ ನಿಂತಿದ್ದಾರೆ. ಇದನ್ನು ಸಿರಿವಂತರ ಅಹಂಕಾರವೆಂದು ಮಾತ್ರ ತಿಳಿಯುವುದು ಸಾಲದು. ಮೇಣದ ಬೊಂಬೆಗಳ ರೂಢಿ ಅವರ ಉಪಸ್ಥಿತಿಗೆ ಮೊದಲೇ ದಾರಿ ಮಾಡಿಕೊಟ್ಟಿತ್ತು ಎಂಬುದು ವಾರ್ಬುರ್ಗರ ವಾದದ ತಿರುಳು.

ಆದರೆ ಈ ಹರಕೆಯಲ್ಲಿ ವಾರ್ಬುರ್ಗ್ ಕಂಡದ್ದು ಕ್ರೈಸ್ತಪೂರ್ವ ನಂಬಿಕೆಗಳ ಉಳಿಕೆಯನ್ನು. ಆಚರಣೆಗಳನ್ನು ಗತಕಾಲದ ಪಳೆಯುಳಿಕೆಗಳೆಂದು ಭಾವಿಸಿದ ಅಂದಿನ ಮಾನವಶಾಸ್ತ್ರದ ಪ್ರಭಾವ ಇಲ್ಲಿ ಸ್ಪಷ್ಟವಾಗಿದೆ. ಹರಕೆ ಹೊತ್ತವನ ದೃಷ್ಟಿಯಿಂದ ನೋಡಿದರೆ ಅದು ಉಳಿಕೆಯಲ್ಲ, ಜೀವಂತ ಋಣ. ಜಾನಪದ ಅಧ್ಯಯನ ಈ ಸಂಶೋಧನೆಗೆ ಸೇರಿಸಬಹುದಾದ ತಿದ್ದುಪಡಿ ಇದೇ.

1665ರಲ್ಲಿ ಬೊಂಬೆಗಳನ್ನು ಚರ್ಚಿನೊಳಗಿನಿಂದ ಹೊರಾಂಗಣಕ್ಕೆ ಸಾಗಿಸಲಾಯಿತು. ಕಾಲಕ್ರಮೇಣ ಎಲ್ಲವೂ ನಾಶವಾದವು. ಅಮೃತಶಿಲೆ ಉಳಿಯಿತು, ಮೇಣ ಉಳಿಯಲಿಲ್ಲ. ಉಳಿದದ್ದಷ್ಟನ್ನೇ ಕಲೆಯೆಂದು ಎಣಿಸಿ ಬರೆದ ಇತಿಹಾಸ ಅಪೂರ್ಣವೆಂಬುದನ್ನು ಈ ಬೊಂಬೆಗಳ ಅಧ್ಯಯನ ಮನಗಾಣಿಸುತ್ತದೆ.