ಹಕ್ಕಿಗಳ ಹೃದಯ ಮತ್ತು ಶ್ವಾಸಾಂಗ: ಅಧ್ಯಯನದ ಇತಿಹಾಸ

ರೆಕ್ಕೆ ಬಡಿದು ಹಾರುವ ಹಕ್ಕಿಗೆ ಸುಮ್ಮನೆ ಕುಳಿತಾಗ ಬೇಕಾಗುವುದರ ಸುಮಾರು ಹತ್ತು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಆಮ್ಲಜನಕ ಬೇಕು. ಅದನ್ನು ಸ್ನಾಯುಗಳಿಗೆ ಸಾಗಿಸುವ ಹೃದಯದ ರಚನೆ ವಿಜ್ಞಾನಿಗಳಿಗೆ ಬೇಗ ತಿಳಿಯಿತು. ಶ್ವಾಸಾಂಗದ ಗುಟ್ಟು ಬಿಡಿಸಿಕೊಳ್ಳಲು 1970ರ ದಶಕ ಬರಬೇಕಾಯಿತು.

ಕಾಸರಗೋಡು ಜಿಲ್ಲಾ ಪಂಚಾಯತು 2023ರಲ್ಲಿ ಬಿಳಿಹೊಟ್ಟೆಯ ಕಡಲ ಹದ್ದನ್ನು ಜಿಲ್ಲೆಯ ಪಕ್ಷಿಯೆಂದೂ ಮೃದುಚಿಪ್ಪಿನ ದೈತ್ಯ ಆಮೆಯನ್ನು ಜಿಲ್ಲೆಯ ಪ್ರಾಣಿಯೆಂದೂ ಘೋಷಿಸಿತು. ಇವೆರಡರ ಹೃದಯಗಳನ್ನು ಹೋಲಿಸಿ ನೋಡೋಣ. ಆಮೆಯ ಹೃತ್ಕುಕ್ಷಿ ಪೂರ್ತಿ ಇಬ್ಭಾಗವಾಗಿಲ್ಲ. ಶುದ್ಧ, ಅಶುದ್ಧ ರಕ್ತಗಳು ಅಲ್ಲಿ ಬೆರೆಯಬಹುದು. ಹದ್ದಿನ ಹೃದಯಕ್ಕೆ ಬೇರೆ ಬೇರೆಯಾದ ನಾಲ್ಕು ಕೋಣೆಗಳಿವೆ. ಸಸ್ತನಿಗಳಿಗೂ ನಾಲ್ಕೇ, ಆದರೆ ಮಹಾಪಧಮನಿ ಅವುಗಳಲ್ಲಿ ಎಡಕ್ಕೂ ಹಕ್ಕಿಗಳಲ್ಲಿ ಬಲಕ್ಕೂ ಬಾಗುತ್ತದೆ: ಎರಡೂ ಬೇರೆ ದಾರಿಯಲ್ಲಿ ವಿಕಾಸಗೊಂಡವು. ಅಷ್ಟೇ ತೂಕದ ಸಸ್ತನಿಯದಕ್ಕಿಂತ ಹಕ್ಕಿಯ ಹೃದಯ ಸಾಮಾನ್ಯವಾಗಿ ದೊಡ್ಡದು. ಹಮ್ಮಿಂಗ್ ಹಕ್ಕಿಯಲ್ಲಿ ಅದು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಬಡಿಯುತ್ತದೆ.

ಹಕ್ಕಿಯ ಶ್ವಾಸಕೋಶ ಮಾತ್ರ ಚಿಕ್ಕದು, ಪಕ್ಕೆಲುಬುಗಳಿಗೆ ಅಂಟಿ ಬಿಗಿಯಾಗಿರುವಂಥದು. ಮನುಷ್ಯನದರಂತೆ ಉಬ್ಬಿ ಕುಗ್ಗುವುದಿಲ್ಲ. ವಪೆಯೂ ಇಲ್ಲ. ಗಾಳಿಯಾಡಿಸುವ ಕೆಲಸ ತಿದಿಗಳಂತಿರುವ ಗಾಳಿಚೀಲಗಳದು. ಹೆಚ್ಚಿನ ಹಕ್ಕಿಗಳಲ್ಲಿ ಅವು ಒಂಬತ್ತು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಕೋಳಿಯ ಶ್ವಾಸನಾಳವನ್ನು ಬಿಗಿದು ಕಟ್ಟಿ, ರೆಕ್ಕೆಯ ಮೇಲ್ತುದಿಯ ಎಲುಬನ್ನು ಕತ್ತರಿಸಿದಾಗ ಗಾಳಿ ಆ ಎಲುಬಿನ ಮೂಲಕವೇ ಶ್ವಾಸಕೋಶಕ್ಕೆ ಹೋಗಿಬರುತ್ತಿತ್ತು. 1774ರಲ್ಲಿ ಪ್ರಕಟವಾದ ಈ ಪ್ರಯೋಗ ಇಂದಿನ ಕಣ್ಣಿಗೆ ಕ್ರೂರವಾದರೂ ಎಲುಬು, ಚೀಲ, ಶ್ವಾಸಕೋಶಗಳ ನಂಟನ್ನು ಖಚಿತಪಡಿಸಿತು. ಆದರೆ ಚೀಲಗಳ ಗೋಡೆಯಲ್ಲಿ ರಕ್ತನಾಳಗಳು ತೀರ ವಿರಳ. ಅಲ್ಲಿ ರಕ್ತಕ್ಕೆ ಆಮ್ಲಜನಕ ಸೇರದು. ಮತ್ತೆ ಅವು ಏಕಿವೆ? ದೇಹ ಹಗುರಾಗಲೆಂಬ ಉತ್ತರ ಹುಸಿಯಾಗಿತ್ತು.

1968ರಲ್ಲಿ ವಿಜ್ಞಾನಿ ವ್ಯಾನ್ಸ್ ಟಕ್ಕರ್ ಗುಬ್ಬಚ್ಚಿಗಳನ್ನೂ ಇಲಿಗಳನ್ನೂ 6,100 ಮೀಟರ್ ಎತ್ತರದಷ್ಟು ತೆಳುವಾದ ಗಾಳಿಯಲ್ಲಿಟ್ಟು ನೋಡಿದರು. ಇಲಿಗಳು ತೆವಳಲೂ ಕಷ್ಟಪಟ್ಟವು, ಗುಬ್ಬಚ್ಚಿಗಳು ಹಾರಿದವು. ಕೆಲವೇ ವರ್ಷಗಳಲ್ಲಿ ಕ್ನುಟ್ ಸ್ಮಿಟ್-ನೀಲ್ಸೆನ್ ಮತ್ತು ವಿಲಿಯಂ ಬ್ರೆಟ್ಸ್ ಬಾತುಗಳ ಮೇಲೆ ಪ್ರಯೋಗ ನಡೆಸಿ ಗಾಳಿಯ ಹಾದಿಯನ್ನು ಗುರುತಿಸಿದರು. ಒಳಗೆಳೆದ ಗಾಳಿಯಲ್ಲಿ ಹೆಚ್ಚಿನದು ಮೊದಲು ಹಿಂದಿನ ಚೀಲಗಳಿಗೆ ಹೋಗುತ್ತದೆ. ಉಸಿರು ಬಿಟ್ಟಾಗ ಶ್ವಾಸಕೋಶವನ್ನು ಹಾಯುತ್ತದೆ. ಮುಂದಿನ ಉಸಿರಿನಲ್ಲಿ ಮುಂಭಾಗದ ಚೀಲಗಳನ್ನು ಸೇರಿ, ಬಳಿಕ ಹೊರಬೀಳುತ್ತದೆ. ಹೀಗೆ ಎರಡು ಉಸಿರಾಟಕ್ಕೆ ಒಂದು ಸುತ್ತು. ಹಕ್ಕಿ ಉಸಿರೆಳೆದರೂ ಬಿಟ್ಟರೂ ಶ್ವಾಸಕೋಶದೊಳಗೆ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ. ಗಾಳಿ ಮತ್ತು ರಕ್ತ ಎದುರುಬದುರಾಗಿ ಹರಿಯುತ್ತವೆ ಎಂಬ ಊಹೆಯನ್ನು 1972ರಲ್ಲಿ ಶೈಡ್ ಮತ್ತು ಪೀಪರ್ ಅಲ್ಲಗಳೆದರು: ದಿಕ್ಕು ತಿರುಗಿಸಿದರೂ ವಿನಿಮಯ ಕುಂದಲಿಲ್ಲ. ಅವು ಅಡ್ಡವಾಗಿ ಸಂಧಿಸುತ್ತವೆ.

ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆ ಹೆಬ್ಬಾತು ತೆಳುಗಾಳಿಯಲ್ಲಿ ಹಾರುವ ಸಾಮರ್ಥ್ಯದ ಮೇರೆ. ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಹಿಮೋಗ್ಲೋಬಿನ್ ಇರುವ ಈ ಜಾತಿ ಹಿಮಾಲಯವನ್ನು ದಾಟುವಾಗ 6,000 ಮೀಟರಿಗಿಂತ ಮೇಲೇರಿದ್ದು ಉಪಗ್ರಹ ಸಾಧನಗಳಿಂದ ದಾಖಲಾಗಿದೆ. ಆದರೂ ಅದು ಎತ್ತರದಲ್ಲೇ ಉಳಿಯದೆ ನೆಲದ ಏರಿಳಿತವನ್ನು ಅನುಸರಿಸಿ ಶಕ್ತಿ ಉಳಿಸುತ್ತದೆಂದು 2015ರಲ್ಲಿ ಹೃದಯಬಡಿತದ ಅಳತೆಗಳು ತೋರಿಸಿದವು.

ಕುಂಬಳೆ ಬಳಿಯ ಅನಂತಪುರ ದೇವಾಲಯದ ಸರೋವರದಲ್ಲಿ 2022ರ ವರೆಗೆ ಬದುಕಿದ್ದ ಬಬಿಯಾ ಎಂಬ ಮೊಸಳೆಯನ್ನು ಭಕ್ತರೆಲ್ಲ ಬಲ್ಲರು. ಇಂದು ಬದುಕಿರುವ ಪ್ರಾಣಿಗಳಲ್ಲಿ ಹಕ್ಕಿಗೆ ಅತಿ ಹತ್ತಿರದ ಬಂಧು ಮೊಸಳೆಯ ವರ್ಗವೇ. ಆ ವರ್ಗದ ಅಲಿಗೇಟರ್‌ನ ಶ್ವಾಸಕೋಶದಲ್ಲೂ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆಂದು 2010ರಲ್ಲಿ ಕೊಲೀನ್ ಫಾರ್ಮರ್ ಮತ್ತು ಕೆಂಟ್ ಸ್ಯಾಂಡರ್ಸ್ ತೋರಿಸಿದರು. ಹಾರಾಟಕ್ಕಾಗಿಯೇ ಈ ವ್ಯವಸ್ಥೆ ಹುಟ್ಟಿತೆಂಬ ಹಳೆಯ ಪಾಠ ಇದರಿಂದಾಗಿ ಉಳಿಯುವುದಿಲ್ಲ.